ಮದರ್‌ಬೋರ್ಡಿನ ಶಾರ್ಟ್ ಸರ್ಕ್ಯೂಟ್ ಪತ್ತೆ

ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ವಿದ್ಯುತ್ ಪೂರೈಸುವ ಯಾವುದಾದರೂ ಲೈನ್ ಅತ್ಯಲ್ಪ ರೋಧದ ಮೂಲಕ ಗ್ರೌಂಡಿಗೆ, ಎಂದರೆ ಸೊನ್ನೆ ವೋಲ್ಟಿನ ಪದರಕ್ಕೆ, ತಗುಲಿಕೊಳ್ಳುವುದನ್ನು ಶಾರ್ಟ್ ಸರ್ಕ್ಯೂಟ್ ಎನ್ನುತ್ತಾರೆ. ಸ್ವಿಚ್ ಒತ್ತಿದೊಡನೆ ಫ್ಯಾನ್ ತುಸು ಅಲುಗಿ ನಿಂತರೆ ಪವರ್ ಸಪ್ಲೈಯೊಳಗಿನ ರಕ್ಷಣಾ ವ್ಯವಸ್ಥೆ 12, 5 ಅಥವಾ 3.3 ವೋಲ್ಟ್ ಲೈನಿನಲ್ಲಿ ಶಾರ್ಟ್ ಕಂಡು ಪೂರೈಕೆಯನ್ನು ಕಡಿದಿರಬಹುದು. ಕಂಪ್ಯೂಟರ್ ಆಫ್ ಇದ್ದಾಗಲೂ ಜೀವಂತವಿರುವ 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನೇ ಶಾರ್ಟ್ ಆಗಿದ್ದರೆ ಬೋರ್ಡಿನಲ್ಲಿ ದೀಪವೂ ಹೊತ್ತುವುದಿಲ್ಲ. ಪವರ್ ಸಪ್ಲೈ ಕೆಟ್ಟಾಗಲೂ ಇವೇ ಲಕ್ಷಣಗಳು ಕಾಣುವುದರಿಂದ ಮೊದಲು ಇನ್ನೊಂದು ಸಪ್ಲೈ ಜೋಡಿಸಿ ನೋಡಲಾಗುತ್ತದೆ.

ಮಲ್ಪೆ, ಕಾಪುಗಳಂಥ ಕಡಲತೀರದ ಊರುಗಳಲ್ಲಿ ಗಾಳಿಯೊಡನೆ ಬಂದು ಬೋರ್ಡಿನ ಮೇಲೆ ಕೂರುವ ಉಪ್ಪಿನ ಕಣಗಳು ದೋಷಕ್ಕೆ ಇನ್ನೊಂದು ದಾರಿ ತೆರೆಯುತ್ತವೆ. ಅಡುಗೆ ಉಪ್ಪು ಸುಮಾರು 75 ಶೇಕಡಾ ಮೀರಿದ ಆರ್ದ್ರತೆಯಲ್ಲಿ ಗಾಳಿಯ ತೇವವನ್ನೇ ಹೀರಿ ದ್ರಾವಣವಾಗುತ್ತದೆ. ಚಾಲನೆಯಲ್ಲಿರುವ ಬೋರ್ಡನ್ನು ಅದರ ಬಿಸಿಯೇ ಒಣಗಿಸುತ್ತದೆ; ಮಳೆಗಾಲದಲ್ಲಿ ಪ್ಲಗ್ ತೆಗೆಯದೆ ಆಫ್ ಮಾಡಿಟ್ಟ ಕಂಪ್ಯೂಟರಿನಲ್ಲಾದರೋ ತೇವ ಉಳಿದು, ಸ್ಟ್ಯಾಂಡ್‌ಬೈ ವೋಲ್ಟೇಜ್ ಇರುವ ಕಡೆ ಲೋಹ ಕರಗಿ ಪಿನ್ನುಗಳ ನಡುವೆ ಕವಲೆಳೆಗಳಾಗಿ ಬೆಳೆಯಬಹುದು. ಕಾರ್ಕಳದತ್ತ ಒಳನಾಡಿಗೆ ಹೋದಂತೆ ಉಪ್ಪು ಕಡಿಮೆಯಾದರೂ ಮಳೆಗಾಲದ ತೇವ ಕಡಿಮೆಯಾಗುವುದಿಲ್ಲ.

ಪರೀಕ್ಷೆಗೆ ಮುನ್ನ ಪ್ಲಗ್ ಕಳಚಿ, ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆಯಬೇಕು. ಅಡಿಯಲ್ಲಿ ಸಿಲುಕಿದ ಒಂದು ಸ್ಕ್ರೂ ಕೂಡ ಶಾರ್ಟ್ ಉಂಟುಮಾಡಬಲ್ಲದು. ಬಳಿಕ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಗ್ರೌಂಡಿಗಿಟ್ಟು, ಕೆಂಪು ಕಡ್ಡಿಯಿಂದ 24 ಪಿನ್ನಿನ ಮುಖ್ಯ ಕನೆಕ್ಟರ್ ಮತ್ತು ಪ್ರೊಸೆಸರಿನ 12 ವೋಲ್ಟ್ ಕನೆಕ್ಟರಿನ ಒಂದೊಂದು ಲೈನಿನ ರೋಧವನ್ನು ಅಳೆಯಲಾಗುತ್ತದೆ. 12 ವೋಲ್ಟ್ ಲೈನಿನಲ್ಲಿ ಸೊನ್ನೆಗೆ ಸಮೀಪದ, ಅಲುಗದ ಅಂಕಿ ಬಂದರೆ ಬಿರುಕುಬಿಟ್ಟ ಸೆರಾಮಿಕ್ ಕೆಪಾಸಿಟರನ್ನೋ ಸುಟ್ಟ ಮಾಸ್ಫೆಟ್ಟನ್ನೋ, ಎಂದರೆ ಪ್ರೊಸೆಸರಿಗೆ ವೋಲ್ಟೇಜ್ ಇಳಿಸಿಕೊಡುವ ಸ್ವಿಚ್‌ನಂಥ ಟ್ರಾನ್ಸಿಸ್ಟರನ್ನೋ, ಶಂಕಿಸಬೇಕು. ಪ್ರೊಸೆಸರಿನ ಕೋರ್ ಲೈನಿನ ರೋಧವಾದರೋ ಸಹಜವಾಗಿಯೇ ಕೆಲವು ಓಮ್ ಅಥವಾ ಅದಕ್ಕೂ ಕಡಿಮೆ ಇರುವುದರಿಂದ, ಅಲ್ಲಿ ಮೀಟರ್ ಬೀಪ್ ಎಂದ ಮಾತ್ರಕ್ಕೆ ಶಾರ್ಟ್ ಎಂದು ತೀರ್ಮಾನಿಸಲಾಗದು. ಪ್ರೊಸೆಸರ್ ತೆಗೆದು ಮತ್ತೆ ಅಳೆಯಬೇಕು. ಅಂಕಿ ಕಿಲೋಓಮ್‌ಗಳಲ್ಲಿದ್ದು ಏರಿಳಿಯುತ್ತಿದ್ದರೆ ಅದು ಮೇಲ್ಮೈಯ ಸೋರಿಕೆಯ ಸೂಚನೆ. ಉಪ್ಪು ಆಲ್ಕೊಹಾಲಿನಲ್ಲಿ ಹೆಚ್ಚು ಕರಗದಿರುವುದರಿಂದ ಬಟನ್ ಸೆಲ್ ತೆಗೆದ ಬೋರ್ಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಅನಂತರ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಪೂರ್ತಿ ಒಣಗಿಸಿದ ಮೇಲೆ ರೋಧ ಏರಿದರೆ ಆ ಊಹೆ ದೃಢವಾಗುತ್ತದೆ.

ತೊಳೆದರೂ ಅಂಕಿ ಸೊನ್ನೆಯ ಸಮೀಪವೇ ಉಳಿದಾಗ ಪ್ರೊಸೆಸರನ್ನು ತೆಗೆದು, ಕರೆಂಟ್ ಮಿತಿಗೊಳಿಸಬಲ್ಲ ಬೆಂಚ್ ಪವರ್ ಸಪ್ಲೈಯಿಂದ ದೋಷವಿರುವ ಲೈನಿಗೆ ಸುಮಾರು 1 ವೋಲ್ಟ್ ಮಾತ್ರ ಕೊಡಲಾಗುತ್ತದೆ. ಕೆಟ್ಟ ಬಿಡಿಭಾಗ ಬಿಸಿಯಾಗುವುದು ಥರ್ಮಲ್ ಕ್ಯಾಮೆರಾದಲ್ಲಿ ಕಾಣುತ್ತದೆ. ಅದಿಲ್ಲದ ಕಡೆ ತೆಳುವಾಗಿ ಹಚ್ಚಿದ ಆಲ್ಕೊಹಾಲ್ ಎಲ್ಲಿ ಮೊದಲು ಆರುತ್ತದೆಂಬುದನ್ನು ನೋಡಿ ಸ್ಥಳ ಗುರುತಿಸುತ್ತಾರೆ. ಆ ಭಾಗವನ್ನು ಕಿತ್ತ ಮೇಲೆ ರೋಧ ಸಹಜಕ್ಕೆ ಮರಳಿದರೆ ಪತ್ತೆ ಪೂರ್ಣವಾಯಿತು. ದೋಷ ಚಿಪ್‌ಸೆಟ್ಟಿನಲ್ಲಿ ಅಥವಾ ಬೋರ್ಡಿನ ಒಳಪದರದಲ್ಲಿದ್ದರೆ ದುರಸ್ತಿಯ ಖರ್ಚು ಸಾಮಾನ್ಯವಾಗಿ ಬೋರ್ಡಿನ ಬೆಲೆಯನ್ನೇ ಮೀರುತ್ತದೆ.