ಶಾಲೆಯ ಹೆಸರಲ್ಲಿ ಕೊಟ್ಟ ಕಾಸು ಎಲ್ಲಿಗೆ ಹೋಯಿತು?

ಸರ್ಕಾರಿ ಶಾಲೆ ಅಂದರೆ ಪುಕ್ಕಟೆ ಶಾಲೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಆ ಶಾಲೆಯ ಹೆಸರು ಹೇಳಿ ರೈತರಿಂದ ಕಾಸು ಎತ್ತಲು ಶುರುಮಾಡಿ 150 ವರ್ಷ ದಾಟಿದೆ.

ಧಾರವಾಡ, ಬೆಳಗಾವಿ, ವಿಜಯಪುರದ ಸೀಮೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 1860ರ ದಶಕದಲ್ಲಿ ಅಲ್ಲಿನ ಬ್ರಿಟಿಷ್ ಸರ್ಕಾರ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದು ಆಣೆ ಹೆಚ್ಚುವರಿ ಕರ ಹಾಕಿತು. 1869ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಈ ಆಣೆಯಲ್ಲಿ ಮೂರನೇ ಎರಡು ಪಾಲು ಮುಖ್ಯವಾಗಿ ರಸ್ತೆಗೆ, ಉಳಿದ ಒಂದು ಪಾಲು ಶಾಲೆಗೆ. ಆಣೆಗೆ 12 ಪೈ ಇದ್ದ ಕಾಲ ಅದು. ಅಂದರೆ ಒಂದು ರೂಪಾಯಿ ಕಂದಾಯ ಕಟ್ಟುವ ರೈತ ಶಾಲೆಗೆಂದು 4 ಪೈ ಕೊಡುತ್ತಿದ್ದ. ತನ್ನ ಮಗ ಶಾಲೆಯ ಮೆಟ್ಟಿಲು ಹತ್ತದಿದ್ದರೂ ಕೊಡಲೇಬೇಕಿತ್ತು.

ಲೆಕ್ಕ ಕೇಳುವವರು ಆಗಲೂ ಇದ್ದರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಜೋತಿರಾವ್ ಫುಲೆ ಒಂದು ಮನವಿ ಇಟ್ಟರು. ಸರ್ಕಾರದ ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ಆದರೆ ಖರ್ಚಾಗುವುದು ಮೇಲಿನವರ ಮಕ್ಕಳ ಉನ್ನತ ಶಿಕ್ಷಣಕ್ಕೆ ಎಂಬುದು ಅವರ ವಾದದ ತಿರುಳು. ಹಳ್ಳಿಯ ಶಾಲಾ ಹಣ ಪಟ್ಟಣಕ್ಕೆ ಹರಿದುಹೋಗದಂತೆ ಎರಡಕ್ಕೂ ಬೇರೆ ಬೇರೆ ಲೆಕ್ಕ ಇರಲಿ ಅಂತ ಆಯೋಗವೂ ಶಿಫಾರಸು ಮಾಡಿತು. ಅಷ್ಟು ಹಿಂದೆಯೇ ಹಣ ಯಾವ ಖಾತೆಯಲ್ಲಿದೆ ಎಂಬುದೇ ಜಗಳದ ಮೂಲವಾಗಿತ್ತು ನೋಡಿ.

ಈಗ ನಮ್ಮ ಕಾಲಕ್ಕೆ ಬರೋಣ. 2004ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಹಣಕಾಸು ಸಚಿವ ಪಿ. ಚಿದಂಬರಂ ಕೇಂದ್ರದ ತೆರಿಗೆಗಳ ಮೇಲೆ ಶೇ. 2 ಶಿಕ್ಷಣ ಸೆಸ್ ಹಾಕಿದರು. ಬಿಸಿಯೂಟ ಸೇರಿ ಪೂರ್ತಿ ಹಣ ಶಿಕ್ಷಣಕ್ಕೇ ಎಂಬ ಭರವಸೆ ಕೊಟ್ಟರು. 2007ರಲ್ಲಿ ಹೈಸ್ಕೂಲು, ಕಾಲೇಜುಗಳ ಹೆಸರಲ್ಲಿ ಇನ್ನೊಂದು ಶೇ. 1 ಸೇರಿತು.

ಇದೆಲ್ಲ ಆದಾಯ ತೆರಿಗೆ ಕಟ್ಟುವ ಪೇಟೆಯವರ ಮಾತು ಅಂತ ಬಿಡುವಂತಿಲ್ಲ. ಅಬಕಾರಿ ಸುಂಕದ ಮೇಲೂ ಸೆಸ್ ಇತ್ತು, ಹಾಗಾಗಿ ಟ್ರ್ಯಾಕ್ಟರಿನ ಡೀಸೆಲ್ಲಿನಲ್ಲೂ ಇತ್ತು. ಮೊಬೈಲ್ ಸೇವೆಯಲ್ಲೂ ಇತ್ತು. 2012ರಿಂದ 2015ರ ಮೇ ತನಕ ಸೇವಾ ತೆರಿಗೆ ಶೇ. 12.36 ಅಂತ ಬಿಲ್ಲಿನಲ್ಲಿ ಬರುತ್ತಿತ್ತು. ಈ ವಿಚಿತ್ರ ಸಂಖ್ಯೆ ಹೇಗೆ ಬಂತು? ತೆರಿಗೆ 12, ಅದರ ಮೇಲೆ ಶೇ. 3 ಶಿಕ್ಷಣ ಸೆಸ್ ಅಂದರೆ 0.36. ನೂರು ರೂಪಾಯಿಯ ಸೇವೆಗೆ ಶಾಲೆಯ ಹೆಸರಲ್ಲಿ 36 ಪೈಸೆ. 2015ರಲ್ಲಿ ಅಬಕಾರಿ ಮತ್ತು ಸೇವಾ ತೆರಿಗೆಯ ಮೇಲಿನ ಸೆಸ್ ನಿಂತಿತು. 2018ರಿಂದ ಆದಾಯ ತೆರಿಗೆ, ಕಂಪನಿ ತೆರಿಗೆಗಳ ಮೇಲೆ ಶೇ. 4 ಆರೋಗ್ಯ ಮತ್ತು ಶಿಕ್ಷಣ ಸೆಸ್ ಇದೆ.

ಪ್ರಾಥಮಿಕ ಶಿಕ್ಷಣದ 2 ಪಾಲಿಗೆ ಬೇಗನೇ ಒಂದು ಪ್ರತ್ಯೇಕ ನಿಧಿಯಾಯಿತು, ಪ್ರಾರಂಭಿಕ ಶಿಕ್ಷಾ ಕೋಶ ಅಂತ. ವರ್ಷದಲ್ಲಿ ಖರ್ಚಾಗದಿದ್ದರೂ ಅದರ ಹಣ ರದ್ದಾಗುವುದಿಲ್ಲ. ಹೈಸ್ಕೂಲಿನ 1 ಪಾಲಿನ ಕಥೆಯೇ ಬೇರೆ. 2016-17ರವರೆಗೆ ಆ ಬಾಬ್ತಿನಲ್ಲಿ ಬಂದದ್ದು 83,497 ಕೋಟಿ ರೂಪಾಯಿ, ಅದಕ್ಕೊಂದು ನಿಧಿಯೇ ಇರಲಿಲ್ಲ ಅಂತ ಮಹಾಲೇಖಪಾಲರ ವರದಿ ಎತ್ತಿ ತೋರಿಸಿತು. ನಿಧಿಗೆ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2017ರ ಆಗಸ್ಟಿನಲ್ಲಿ. ಹಣವನ್ನು ಯಾರೋ ಜೇಬಿಗಿಳಿಸಿದರು ಅಂತ ನಾವು ಹೇಳುತ್ತಿಲ್ಲ. ಅದು ಸರ್ಕಾರದ ಸಂಚಿತ ನಿಧಿಗೆ ಸೇರಿತು. ಆದರೆ ನಮ್ಮ 36 ಪೈಸೆಯಲ್ಲಿ ಹೈಸ್ಕೂಲಿನ 12 ಪೈಸೆ ಎಲ್ಲಿ ಬಿತ್ತು ಅಂತ ಗುರುತಿಸುವ ದಾರಿ ಅಲ್ಲಿಗೆ ಮುಚ್ಚಿತು.

ಇನ್ನೊಂದು ಗಂಟು ಸಂವಿಧಾನದಲ್ಲೇ ಇದೆ. ಕೇಂದ್ರ ಎತ್ತುವ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲುಂಟು. 15ನೇ ಹಣಕಾಸು ಆಯೋಗ ಶೇ. 41 ಅಂದಿದೆ. ಆದರೆ 270ನೇ ವಿಧಿಯ ಪ್ರಕಾರ ಸೆಸ್ ಆ ಹಂಚಿಕೆಯಿಂದ ಹೊರಗೆ. ತೆರಿಗೆಯನ್ನೇ ಏರಿಸಿದ್ದರೆ ಕರ್ನಾಟಕಕ್ಕೂ ಒಂದಿಷ್ಟು ಕೇಳದೆಯೇ ಬರುತ್ತಿತ್ತು. ಸೆಸ್ ಹಣ ಬರುವುದು ಯೋಜನೆಯ ದಾರಿಯಲ್ಲಿ, ಯೋಜನೆಯ ಷರತ್ತಿಗೆ ತಕ್ಕಂತೆ. ಸಮಗ್ರ ಶಿಕ್ಷಣದಲ್ಲಿ ಕೇಂದ್ರ 60 ರೂಪಾಯಿ ಕೊಟ್ಟರೆ ರಾಜ್ಯ 40 ಹಾಕಬೇಕು. ಮೇಷ್ಟ್ರುಗಳ ಸಂಬಳದ ದೊಡ್ಡ ಭಾರ ಹೊತ್ತ ರಾಜ್ಯ ಬಜೆಟ್ಟು ಈ 40ನ್ನೂ ಹೊಂದಿಸಬೇಕು.

ಊರಿನ ಶಾಲೆಯ ಕೈಗೆ ನೇರವಾಗಿ ಬರುವುದು ಶಾಲಾ ಅನುದಾನ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100 ಮಕ್ಕಳಿದ್ದರೆ 25,000 ರೂಪಾಯಿ, ಇದು ಮೇಲ್ಮಿತಿ. ಅದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಹೋಗಬೇಕು. ಉಳಿದದ್ದರಲ್ಲಿ ಸೀಮೆಸುಣ್ಣ, ಕರೆಂಟು ಬಿಲ್ಲು, ನೀರು, ಸಣ್ಣಪುಟ್ಟ ರಿಪೇರಿ. ಇದು ಎಷ್ಟು ಬಂತು, ಯಾವ ತಿಂಗಳು ಬಂತು ಅಂತ ಕೇಳುವ ಹಕ್ಕು ಎಸ್‌ಡಿಎಂಸಿಯ ಪ್ರತಿ ತಂದೆ ತಾಯಿಗೂ ಇದೆ. ಮಾರ್ಚ್ ಕೊನೆಯಲ್ಲಿ ಬಂದ ಅನುದಾನದಿಂದ ಜೂನ್ ಮಳೆಯಲ್ಲಿ ಸೋರಿದ ಹೆಂಚು ಬದಲಾಗಿರುವುದಿಲ್ಲ.