ನದಿ ದಂಡೆಯ ಐರಿಷ್ ಪಬ್‌ನಲ್ಲಿ ಊಟ: ಏನು ತಿನ್ನಬೇಕು, ಸಸ್ಯಾಹಾರಿಗಳು ಎಲ್ಲಿ ಎಚ್ಚರ ವಹಿಸಬೇಕು?

ಹಸಿರು ಬೋರ್ಡು, ಮೂರೆಲೆಯ ಶ್ಯಾಮ್ರಾಕ್ ಚಿತ್ರ, ಬಾಗಿಲಾಚೆ ಕಡುಗಂದು ಮರದ ಕೌಂಟರ್. ಅಮೆರಿಕದ ಯಾವ ದೊಡ್ಡ ಊರಿಗೆ ಹೋದರೂ ಇಂಥದ್ದೊಂದು ಐರಿಷ್ ಪಬ್ ಕಣ್ಣಿಗೆ ಬೀಳುತ್ತದೆ. ಕಂಪನಿ ಕೆಲಸದ ಮೇಲೆ ಹೋದವರನ್ನು ಸಹೋದ್ಯೋಗಿಗಳು ಅಲ್ಲಿಗೆ ಕರೆದೊಯ್ಯುತ್ತಾರೆ. ಮಗಳ ಮನೆಗೆ ಹೋದ ಅಪ್ಪ ಅಮ್ಮ ವಾರಾಂತ್ಯದ ಸುತ್ತಾಟದಲ್ಲಿ ಅಲ್ಲೇ ಊಟಕ್ಕೆ ಕೂರುತ್ತಾರೆ. ಹೆಸರು ಪಬ್ ಎಂದಿದ್ದರೂ ಇದು ಕುಡಿಯುವವರಿಗೆ ಮಾತ್ರ ಮೀಸಲಾದ ಜಾಗವಲ್ಲ. ತೊಡಕು ಬರುವುದು ಮೆನು ಕೈಗೆ ಬಂದಾಗ. ಅಲ್ಲಿನ ಹೆಸರುಗಳು ಒಂದು ಹೇಳುತ್ತವೆ, ತಟ್ಟೆಗೆ ಬರುವುದು ಇನ್ನೊಂದು.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಇದಕ್ಕೆ ಒಳ್ಳೆಯ ಉದಾಹರಣೆ. 1921ರಲ್ಲಿ ಇಲ್ಲಿನ ನದಿ ಉಕ್ಕಿ ಹರಿದು ಹಲವರು ಪ್ರಾಣ ಕಳೆದುಕೊಂಡರು. ಆ ಬಳಿಕ ಪೇಟೆಯೊಳಗಿನ ನದಿಯ ಬಾಗನ್ನೇ ಮುಚ್ಚಿಬಿಡುವ ಮಾತೂ ಎದ್ದಿತ್ತು. 1929ರಲ್ಲಿ ವಾಸ್ತುಶಿಲ್ಪಿ ರಾಬರ್ಟ್ ಹಗ್ಮನ್ ಬೇರೊಂದು ಯೋಜನೆ ಮುಂದಿಟ್ಟರು: ನದಿ ಇರಲಿ, ದಂಡೆಯುದ್ದಕ್ಕೂ ಕಾಲುದಾರಿ, ಅಂಗಡಿ, ಊಟದ ಮನೆಗಳು ಬರಲಿ. 1939ರಿಂದ 1941ರ ನಡುವೆ ಸರ್ಕಾರಿ ಹಣದಲ್ಲಿ ಅದು ನಿರ್ಮಾಣವಾಯಿತು. ಈಗಿನ ರಿವರ್ ವಾಕ್ ಅದೇ. ರಸ್ತೆಯಿಂದ ಮೆಟ್ಟಿಲಿಳಿದು ಒಂದು ಅಂತಸ್ತು ಕೆಳಗೆ ಬಂದರೆ ವಾಹನಗಳ ಸದ್ದು ತಲೆಯ ಮೇಲೆಯೇ ಉಳಿಯುತ್ತದೆ. ವ್ಯಾಕ್ಸಿ ಓಕಾನರ್ಸ್ ಎಂಬ ಐರಿಷ್ ಪಬ್ ಮೇಜು ಕುರ್ಚಿ ಹಾಕಿದ್ದು ಈ ದಂಡೆಯಲ್ಲೇ.

ಪ್ಯಾಟಿಯೊ ಎಂದು ಕರೆಯುವ ಈ ಹೊರಾಂಗಣದಲ್ಲಿ ಕೂತರೆ ಪ್ರವಾಸಿ ದೋಣಿಗಳು ಕೈಯಳತೆಯಲ್ಲಿ ಸಾಗುತ್ತವೆ. ಟೆಕ್ಸಾಸ್ ಬೇಸಿಗೆಯ ಮಧ್ಯಾಹ್ನದಲ್ಲಿ ಇಲ್ಲಿ ಕೂರುವುದು ಕಷ್ಟ, ಸಂಜೆಯೇ ವಾಸಿ. ಗ್ರ್ಯಾಕಲ್ ಎಂಬ ಉದ್ದ ಬಾಲದ ಕಪ್ಪು ಹಕ್ಕಿ ತಟ್ಟೆಯ ಚಿಪ್ಸ್ ಎಗರಿಸಲು ಹೊಂಚು ಹಾಕಿರುತ್ತದೆ, ನಮ್ಮ ಕಾಗೆಗಳ ಹಾಗೆ.

ಕಂಟೇನರ್‌ನಲ್ಲಿ ಬರುವ 'ಹಳೆಯ' ಪಬ್

ಪಬ್ ಎಂದರೆ ಪಬ್ಲಿಕ್ ಹೌಸ್, ಊರವರೆಲ್ಲ ಬಂದು ಕೂರುವ ಮನೆ. ಐರ್ಲೆಂಡ್‌ನ ಹಳ್ಳಿಗಳಲ್ಲಿ ಮುಂದುಗಡೆ ದಿನಸಿ ಅಂಗಡಿ, ಹಿಂದುಗಡೆ ಪಬ್ ಇರುವುದು ಸಾಮಾನ್ಯವಾಗಿತ್ತು. ಶಾನನ್ ನದಿಯ ಅಥ್ಲೋನ್ ಊರಿನಲ್ಲಿರುವ ಶಾನ್ಸ್ ಬಾರ್ ತನ್ನ ಚರಿತ್ರೆ ಕ್ರಿ.ಶ. 900ರ ಸುಮಾರಿಗೆ ಶುರುವಾಗುತ್ತದೆ ಎಂದು ಹೇಳಿಕೊಳ್ಳುತ್ತದೆ. ಆದರೆ ಹೊರದೇಶಗಳಲ್ಲಿ ಕಾಣುವ ಐರಿಷ್ ಪಬ್‌ಗಳ ವಯಸ್ಸು ಬಹುಪಾಲು ನಾಲ್ಕು ದಶಕ ದಾಟಿಲ್ಲ. ಡಬ್ಲಿನ್‌ನಲ್ಲಿ ಮೆಲ್ ಮೆಕ್‌ನಾಲಿ ಎಂಬುವರು 1990ರಲ್ಲಿ ಐರಿಷ್ ಪಬ್ ಕಂಪನಿ ಶುರು ಮಾಡಿದರು. ಹಳ್ಳಿ ಮನೆ, ವಿಕ್ಟೋರಿಯನ್, ಅಂಗಡಿ, ಬ್ರೂವರಿ ಹೀಗೆ ಮಾದರಿ ಆರಿಸಿಕೊಂಡರೆ ಕೌಂಟರ್, ಕಪಾಟು, ಗಾಜಿನ ಕಿಟಕಿ ಎಲ್ಲವೂ ಐರ್ಲೆಂಡ್‌ನಲ್ಲೇ ತಯಾರಾಗಿ ಹಡಗಿನ ಕಂಟೇನರ್‌ನಲ್ಲಿ ಬರುತ್ತವೆ. ಹೆಚ್ಚು ಪಬ್ ಬಂದರೆ ಹೆಚ್ಚು ಬಿಯರ್ ಖರ್ಚಾಗುತ್ತದೆಂಬ ಲೆಕ್ಕದಲ್ಲಿ ಗಿನ್ನೆಸ್ ಕಂಪನಿಯೂ ಇದಕ್ಕೆ ಕೈಜೋಡಿಸಿತು. ಗೋಡೆಯ ಮೇಲಿನ ಹಳೆ ಫೋಟೊ, ತುಕ್ಕು ಹಿಡಿದ ಸೈಕಲ್ ಕಂಡು ಮರುಳಾಗಬೇಕಿಲ್ಲ.

ಅತ್ತ ಮೂಲದ ಪಬ್‌ಗಳು ಕಷ್ಟದಲ್ಲಿವೆ. 2005ರಿಂದ 2021ರ ನಡುವೆ ಐರ್ಲೆಂಡ್‌ನಲ್ಲಿ 1,800ಕ್ಕೂ ಹೆಚ್ಚು ಪಬ್‌ಗಳು ಬಾಗಿಲು ಮುಚ್ಚಿದವು ಎನ್ನುತ್ತದೆ ಅಲ್ಲಿನ ಪಾನೀಯ ಉದ್ಯಮದ ಒಕ್ಕೂಟದ ವರದಿ. ಹೆಚ್ಚು ಪೆಟ್ಟು ಬಿದ್ದದ್ದು ಹಳ್ಳಿಗಳಿಗೆ. ಮಳೆಯ ಆ ನಾಡಿನಲ್ಲಿ ಹೊರಗೆ ಕೂರುವ ರೂಢಿ ಬಲವಾದದ್ದಕ್ಕೂ ಕಾರಣಗಳಿವೆ. 2004ರ ಮಾರ್ಚ್ 29ರಂದು ಪಬ್ ಸೇರಿದಂತೆ ಕೆಲಸದ ಸ್ಥಳಗಳೊಳಗೆ ಧೂಮಪಾನ ನಿಷೇಧಿಸಿದ ಜಗತ್ತಿನ ಮೊದಲ ದೇಶ ಐರ್ಲೆಂಡ್. ಸೇದುವವರು ಹೊರಗೆ ಬಂದರು, ಅವರ ಹಿಂದೆ ಕುರ್ಚಿಗಳೂ ಬಂದವು. ಕೋವಿಡ್ ಬಳಿಕ 2021ರ ಜೂನ್‌ನಲ್ಲಿ ಪಬ್‌ಗಳಿಗೆ ಮೊದಲು ಅನುಮತಿ ಸಿಕ್ಕಿದ್ದೂ ಹೊರಾಂಗಣದಲ್ಲಿ ಮಾತ್ರ.

ಮೆನು ಓದುವುದು ಹೇಗೆ?

ಇಲ್ಲಿನ ಅಡುಗೆ ಬಡವರ ಮನೆಯ ಅಡುಗೆ. ಆಲೂಗಡ್ಡೆ, ಕೋಸು, ಈರುಳ್ಳಿ, ಬೆಣ್ಣೆ, ಸ್ವಲ್ಪ ಮಾಂಸ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಬಂದ ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚೂಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಅಮೆರಿಕಕ್ಕೆ ಬಂದವರ ಕೈಯಲ್ಲಿ ಅಡುಗೆಯೂ ಬದಲಾಯಿತು. 'ಅಪ್ಪಟ ಐರಿಷ್' ಎಂದು ಮಾರುವ ಕಾರ್ನ್ಡ್ ಬೀಫ್ ಮತ್ತು ಕೋಸು ಅಮೆರಿಕದಲ್ಲಿ ರೂಢಿಗೆ ಬಂದ ಜೋಡಿ. ಐರ್ಲೆಂಡ್‌ನ ಮನೆಗಳಲ್ಲಿ ಕೋಸಿನ ಜೊತೆ ಬೇಯುತ್ತಿದ್ದದ್ದು ಉಪ್ಪು ಹಾಕಿಟ್ಟ ಹಂದಿ ಮಾಂಸ. ಅಂದಹಾಗೆ, ಕಾರ್ನ್ಡ್ ಬೀಫ್‌ನಲ್ಲಿ ಜೋಳವಿಲ್ಲ, ಕಾರ್ನ್ ಎಂದರೆ ಇಲ್ಲಿ ಉಪ್ಪಿನ ಹರಳು.

ಶೆಫರ್ಡ್ಸ್ ಪೈ ಕೇಕಿನಂಥದ್ದಲ್ಲ. ಕುರಿ ಕೈಮಾದ ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ ಒಲೆಯಲ್ಲಿ ಬೇಯಿಸಿದ್ದು. ಅದೇ ಹೆಸರಲ್ಲಿ ಅಮೆರಿಕದ ಬಹಳಷ್ಟು ಕಡೆ ದನದ ಮಾಂಸ ಹಾಕುತ್ತಾರೆ. ಬೀಫ್ ತಿನ್ನದವರು ಇದನ್ನು ಕೇಳಿಯೇ ಹೇಳಬೇಕು. ಬ್ಲ್ಯಾಕ್ ಪುಡಿಂಗ್ ಸಿಹಿ ತಿಂಡಿಯಲ್ಲ, ಹಂದಿಯ ರಕ್ತ ಮತ್ತು ಓಟ್ಸ್ ಸೇರಿಸಿ ಮಾಡುವ ಸಾಸೇಜ್. ಸ್ಕಾಚ್ ಎಗ್ ಬರೀ ಮೊಟ್ಟೆಯಲ್ಲ, ಅದರ ಸುತ್ತ ಸಾಸೇಜ್ ಮಾಂಸದ ಕವಚವಿರುತ್ತದೆ.

ಸಸ್ಯಾಹಾರಿಗಳಿಗೆ ದಾರಿಯೇ ಇಲ್ಲವೆಂದಲ್ಲ. ಹಿಸುಕಿದ ಆಲೂಗಡ್ಡೆಗೆ ಕೋಸು ಅಥವಾ ಕೇಲ್ ಸೊಪ್ಪು ಬೆರೆಸಿದ ಕೋಲ್‌ಕ್ಯಾನನ್, ಈರುಳ್ಳಿ ಹೂ ಹಾಕಿದ ಚಾಂಪ್, ಹಸಿ ಆಲೂಗಡ್ಡೆ ತುರಿದು ಕಾವಲಿಯ ಮೇಲೆ ಮಾಡುವ ಬಾಕ್ಸ್ಟಿ ಇವೆ. ಬಾಕ್ಸ್ಟಿ ನಮ್ಮ ರೊಟ್ಟಿ, ದೋಸೆ ಬಲ್ಲವರಿಗೆ ಸುಲಭವಾಗಿ ಹಿಡಿಸುತ್ತದೆ. ಸೋಡಾ ಬ್ರೆಡ್‌ಗೆ ಯೀಸ್ಟ್ ಇಲ್ಲ, ಮಜ್ಜಿಗೆ ಮತ್ತು ಅಡುಗೆ ಸೋಡಾದಿಂದ ಉಬ್ಬುತ್ತದೆ. ಹುಳಿ ಮೊಸರು, ಸೋಡಾ ಹಾಕಿದ ಗೋಳಿಬಜೆ ಉಬ್ಬುವುದೂ ಇದೇ ಲೆಕ್ಕದಲ್ಲಿ. ಆದರೆ ಮೂರು ಪ್ರಶ್ನೆ ಕೇಳದೆ ಆರ್ಡರ್ ಮಾಡಬೇಡಿ. ಮೇಲೆ ಬೇಕನ್ ಚೂರು ಉದುರಿಸುತ್ತೀರಾ? ಗ್ರೇವಿ ಮತ್ತು ಸೂಪು ಮಾಂಸದ ಸಾರಿನಿಂದ ಮಾಡಿದ್ದೇ? ಚಿಪ್ಸ್ ಕರಿಯುವುದು ಮೀನು ಕರಿದ ಎಣ್ಣೆಯಲ್ಲೇ? ಮೂರನೆಯದಕ್ಕೆ ಹೌದು ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು.

ಎಲ್ಲ ತಿನ್ನುವವರು ಫಿಶ್ ಆ್ಯಂಡ್ ಚಿಪ್ಸ್ ಹೇಳಿದರೆ ಸಾಮಾನ್ಯವಾಗಿ ನಿರಾಸೆಯಿಲ್ಲ. ಖಾರ ಮಾತ್ರ ನಿರೀಕ್ಷಿಸಬೇಡಿ. ವಿನೆಗರ್ ಚಿಮುಕಿಸಿಕೊಂಡರೆ ರುಚಿ ಏಳುತ್ತದೆ.

ಲೋಟದಲ್ಲಿ ಏನಿದೆ?

ಗಿನ್ನೆಸ್ ಕಪ್ಪಗೆ ಕಾಣುವುದರಿಂದ ಬಲು ಅಮಲಿನದ್ದೆಂಬ ತಪ್ಪು ಕಲ್ಪನೆಯಿದೆ. ಡ್ರಾಫ್ಟ್ ಗಿನ್ನೆಸ್‌ನಲ್ಲಿ ಆಲ್ಕೋಹಾಲ್ ಸುಮಾರು ಶೇ 4.2, ಅನೇಕ ಲಾಗರ್ ಬಿಯರ್‌ಗಳಿಗಿಂತ ಕಡಿಮೆ. ಲೋಟವನ್ನು ಓರೆಯಾಗಿ ಹಿಡಿದು ಮುಕ್ಕಾಲು ತುಂಬಿ, ನೊರೆ ನೆಲೆಗೊಂಡ ಮೇಲೆ ಉಳಿದದ್ದನ್ನು ತುಂಬುತ್ತಾರೆ. ಇದಕ್ಕೆ 119.5 ಸೆಕೆಂಡ್ ಬೇಕೆಂದು ಕಂಪನಿಯ ಪ್ರಚಾರ. ಅರ್ಧ ಸೆಕೆಂಡಿನ ಲೆಕ್ಕ ಜಾಹೀರಾತಿನವರದ್ದು, ಕಾಯುವಿಕೆ ಮಾತ್ರ ನಿಜ. 1959ರಲ್ಲಿ ಮೈಕೆಲ್ ಆ್ಯಶ್ ಎಂಬ ಗಣಿತಜ್ಞ ರೂಪಿಸಿದ ವಿಧಾನದಂತೆ ಇದರಲ್ಲಿ ನೈಟ್ರೋಜನ್ ಬೆರೆಸುತ್ತಾರೆ. ಗುಳ್ಳೆಗಳು ಸಣ್ಣವಾಗಿ ನೊರೆ ಕೆನೆಯಂತಾಗುವುದು ಅದರಿಂದಲೇ. ಹಿಂದೆ ಬಿಯರ್ ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಬಳಸುತ್ತಿದ್ದರು, 2018ರ ಹೊತ್ತಿಗೆ ಅದನ್ನು ಕೈಬಿಡಲಾಗಿದೆ. ಆಲ್ಕೋಹಾಲ್ ಇಲ್ಲದ ಗಿನ್ನೆಸ್ 0.0 ಕೂಡ ಇದೆ.

ಊಟದ ಕೊನೆಗೆ ಐರಿಷ್ ಕಾಫಿ ಹೇಳುವ ಹಿರಿಯರೇ, ಸ್ವಲ್ಪ ತಡೆಯಿರಿ. ಅದರಲ್ಲಿ ವಿಸ್ಕಿ ಇರುತ್ತದೆ. 1940ರ ದಶಕದಲ್ಲಿ ಶಾನನ್ ನದೀಮುಖದ ಫಾಯ್ನ್ಸ್‌ನಲ್ಲಿ, ನೀರಿನ ಮೇಲಿಳಿಯುವ ವಿಮಾನಗಳ ಪ್ರಯಾಣಿಕರ ಚಳಿ ಬಿಡಿಸಲು ಜೋ ಶೆರಿಡನ್ ಎಂಬ ಬಾಣಸಿಗ ಮಾಡಿಕೊಟ್ಟದ್ದು ಅದು. ಬ್ರೆಡ್ ಪುಡಿಂಗ್ ಮೇಲಿನ ಸಾಸ್‌ನಲ್ಲೂ ವಿಸ್ಕಿ ಇರಬಹುದು.

ರೌಂಡ್, ಟಿಪ್ಸ್, ಮಕ್ಕಳು

ಐರ್ಲೆಂಡ್‌ನಲ್ಲಿ ಪಾನೀಯವನ್ನು ಹೆಚ್ಚಾಗಿ ಕೌಂಟರ್‌ಗೆ ಹೋಗಿ ತರಬೇಕು. ಗುಂಪಿನಲ್ಲಿದ್ದರೆ ಒಬ್ಬೊಬ್ಬರು ಒಂದೊಂದು ಸುತ್ತಿನ ಖರ್ಚು ಹೊರುತ್ತಾರೆ, ಅದೇ ರೌಂಡ್. ನೀವು ಬರೀ ಸೋಡಾ ಕುಡಿದರೂ ಸುತ್ತಿನೊಳಗಿದ್ದರೆ ನಿಮ್ಮ ಸರದಿ ತಪ್ಪಿಸಬಾರದು, ತಪ್ಪಿಸಿದವರನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. 15 ವರ್ಷದೊಳಗಿನ ಮಕ್ಕಳು ಪೋಷಕರ ಜೊತೆ ರಾತ್ರಿ 9ರವರೆಗೆ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 10ರವರೆಗೆ ಇರಬಹುದು.

ಅಮೆರಿಕದಲ್ಲಿ ವೇಟರ್ ಮೇಜಿಗೇ ಬರುತ್ತಾರೆ, ಆದ್ದರಿಂದ ಟಿಪ್ಸ್ ಶೇ 15ರಿಂದ 20 ಕೊಡುವುದು ರೂಢಿ. ಮೆನುವಿನ ದರಕ್ಕೆ ತೆರಿಗೆ ಸೇರಿರುವುದಿಲ್ಲ. ಸ್ಯಾನ್ ಆಂಟೋನಿಯೊದಲ್ಲಿ ಮಾರಾಟ ತೆರಿಗೆ ಶೇ 8.25. ಅಂದರೆ 40 ಡಾಲರ್ ಊಟಕ್ಕೆ 3.30 ಡಾಲರ್ ತೆರಿಗೆ, ಶೇ 18ರಂತೆ 7.20 ಡಾಲರ್ ಟಿಪ್ಸ್ ಸೇರಿ 50.50 ಡಾಲರ್ ಆಗುತ್ತದೆ. ಬಿಯರ್ ಕುಡಿಯಲು 21 ವರ್ಷವಾಗಿರಬೇಕು. ತಲೆ ನರೆತಿದ್ದರೂ ವಯಸ್ಸಿನ ದಾಖಲೆ ಕೇಳಬಹುದು, ಪಾಸ್‌ಪೋರ್ಟ್ ಜೊತೆಗಿರಲಿ.

ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ ದಿನದ ಹೊತ್ತಿಗೆ ಸ್ಯಾನ್ ಆಂಟೋನಿಯೊ ನದಿಗೂ ಹಸಿರು ಬಣ್ಣ ಬೆರೆಸುತ್ತಾರೆ. 1962ರಿಂದ ಷಿಕಾಗೊದಲ್ಲಿರುವ ರೂಢಿ ಅದು. ಬಣ್ಣ ನೋಡಬೇಕೆಂದರೆ ಆಗ ಹೋಗಿ. ನದಿಯಂಚಿನ ಮೇಜಿನಲ್ಲಿ ಕೂತು ಸಮಾಧಾನವಾಗಿ ಊಟ ಮಾಡಬೇಕೆಂದರೆ ಆ ವಾರ ಬಿಟ್ಟು ಹೋಗಿ.