ಔಟಾದ ಮೇಲೆ ಎಲ್ಲಿಗೆ ಹೋಗೋದು?

ಚಿತ್ತಾಪುರದ ಒಂದು ಶಾಲೆಯ ಮೈದಾನ. ವಾಡಿಯ ಸಿಮೆಂಟ್ ಚೀಲಕ್ಕೆ ಮರಳು ತುಂಬಿ ಬೇಸ್ ಮಾಡಿದ್ದೆವು. ಸೇಡಂ ಮತ್ತು ಚಿಂಚೋಳಿ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಕ್ಕೆ ಅಂಪೈರ್ ನಾನೇ, ಯಾಕಂದ್ರ ಬೇರೆ ಯಾರಿಗೂ ನಿಯಮ ಗೊತ್ತಿರಲಿಲ್ಲ. ನನಗೂ ಅಷ್ಟಕ್ಕಷ್ಟೇ ಅನ್ನಿ.

ಕೊನೆಯ ಇನಿಂಗ್ಸ್, ಒಂದು ಔಟ್ ಆಗಿತ್ತು. ಸಮ ಮಾಡಲು ಚಿಂಚೋಳಿಗೆ ಒಂದು ರನ್ ಬೇಕು. ಮೊದಲ ಮತ್ತು ಮೂರನೇ ಬೇಸಿನಲ್ಲಿ ಓಟಗಾರ್ತಿಯರಿದ್ದರು. ಹೊಡೆದ ಚೆಂಡು ನೆಲದ ಮೇಲೆ ಉರುಳಿತು. ಸೇಡಂನವರು ಅದನ್ನ ಎರಡನೇ ಬೇಸಿಗೆ ಕೊಟ್ಟು, ಮೊದಲ ಬೇಸಿನಿಂದ ಓಡಿ ಬರುತ್ತಿದ್ದವಳನ್ನ ಔಟ್ ಮಾಡಿದರು. ಅಲ್ಲಿಂದ ಮೊದಲ ಬೇಸಿಗೆ ಎಸೆದ ಚೆಂಡು ಆಗಷ್ಟೇ ಔಟಾದ ಅದೇ ಹುಡುಗಿಯ ಭುಜಕ್ಕೆ ಬಡಿದು ಎತ್ತಲೋ ಹೋಯಿತು. ನಾನು ಅಡ್ಡಿ ಅಂತ ಕೈ ಎತ್ತಿದೆ. ಸಾಫ್ಟ್‌ಬಾಲಿನಲ್ಲಿ ಔಟಾದವಳು ಅಡ್ಡಿ ಮಾಡಿದರೆ ಹೋಮ್‌ಗೆ ಹತ್ತಿರ ಇರುವವಳು ಔಟ್. ಮೂರನೇ ಬೇಸಿನಿಂದ ಓಡಿದವಳ ರನ್ ಹೋಯಿತು, ಪಂದ್ಯವೂ ಹೋಯಿತು.

"ಔಟ್ ಆದಾಕಿ ಮತ್ತ ಹ್ಯಾಂಗ ತಪ್ಪು ಮಾಡ್ತಾಳ್ರೀ?" ಅಂತ ಜನ ಏರಿಬಂದರು. ಕ್ರಿಕೆಟ್ ನೋಡಿ ಬೆಳೆದವರ ಪ್ರಶ್ನೆ ಅದು, ತಪ್ಪಲ್ಲ. ಕ್ರಿಕೆಟಿನಲ್ಲಿ ವಿಕೆಟ್ ಬಿದ್ದ ಕ್ಷಣಕ್ಕೇ ಚೆಂಡು ಡೆಡ್. ಬೇಸ್‌ಬಾಲ್ ಕುಟುಂಬದ ಆಟಗಳಲ್ಲಿ ಒಬ್ಬರು ಔಟಾದರೂ ಚೆಂಡಿಗೆ ಜೀವ ಇರುತ್ತದೆ. ಹುಡುಗಿ ಮಾತ್ರ ಮೆಲ್ಲಗೆ ಕೇಳಿದಳು: "ನಾ ಎಲ್ಲಿಗಿ ಹೋಗಬೇಕಿತ್ರಿ ಸರ್?"

ಇದೇ ಪ್ರಶ್ನೆ 1978ರ ಅಕ್ಟೋಬರ್ 14ರಂದು ನ್ಯೂಯಾರ್ಕಿನಲ್ಲಿ ಎದ್ದಿತ್ತು. ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯ, ಆರನೇ ಇನಿಂಗ್ಸ್. ಡಾಡ್ಜರ್ಸ್ 3-1ರಿಂದ ಮುಂದಿತ್ತು. ಯಾಂಕೀಸ್‌ನ ಥರ್ಮನ್ ಮನ್ಸನ್ ಎರಡನೇ ಬೇಸಿನಲ್ಲಿ, ರೆಜ್ಜಿ ಜಾಕ್ಸನ್ ಮೊದಲನೆಯದರಲ್ಲಿ. ಲೂ ಪಿನೆಲಾ ಹೊಡೆದದ್ದನ್ನ ಬಿಲ್ ರಸೆಲ್ ಕೈಚೆಲ್ಲಿ, ಮತ್ತೆ ಎತ್ತಿಕೊಂಡು, ಎರಡನೇ ಬೇಸ್ ತುಳಿದು ಜಾಕ್ಸನ್‌ನನ್ನು ಔಟ್ ಮಾಡಿ ಮೊದಲ ಬೇಸಿಗೆ ಎಸೆದ. ಜಾಕ್ಸನ್ ಬೇಸುಗಳ ನಡುವೆ ನಿಂತೇ ಇದ್ದ. ಚೆಂಡು ಬಂತು, ಸೊಂಟ ಸ್ವಲ್ಪ ವಾಲಿತು, ತಗುಲಿತು. ಮನ್ಸನ್ ಹೋಮ್ ತಲುಪಿದ. ಡಾಡ್ಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡಾ ಕೂಗಾಡಿದರೂ ಅಂಪೈರುಗಳು ಅಡ್ಡಿ ಅನ್ನಲಿಲ್ಲ. ಅಂದಿದ್ದರೆ ಪಿನೆಲಾನೂ ಔಟ್, ಇನಿಂಗ್ಸ್ ಅಲ್ಲಿಗೇ ಖತಂ, ಆ ರನ್ನೂ ಇಲ್ಲ. ಯಾಂಕೀಸ್ 10 ಇನಿಂಗ್ಸಿನಲ್ಲಿ 4-3ರಿಂದ ಗೆದ್ದು ಸರಣಿ ಸಮ ಮಾಡಿತು, ಕಡೆಗೆ ಸರಣಿಯನ್ನೂ ಗೆದ್ದಿತು.

ಬೇಸ್‌ಬಾಲ್ ನಿಯಮ ಓಟಗಾರನ ಕಷ್ಟವನ್ನೂ ಗಮನಿಸುತ್ತದೆ: ಔಟಾದ ಮೇಲೂ ಓಡುತ್ತಿದ್ದ, ಅಷ್ಟಕ್ಕೇ ಅಡ್ಡಿ ಅನ್ನುವಂತಿಲ್ಲ. ಓಡುವವರು ಗಾಳಿಯಲ್ಲಿ ಮಾಯ ಆಗೋಕಾಗುತ್ತಾ? ಹಾಗಾಗಿ ಚೆಂಡು ಎಲ್ಲಿ ಬಡಿಯಿತು ಅನ್ನೋದಕ್ಕಿಂತ ಬಡಿಯೋ ಮೊದಲು ದೇಹ ಏನು ಮಾಡಿತು ಅಂತ ನೋಡಬೇಕು. ಜಾಕ್ಸನ್‌ನ ಸೊಂಟ ನನ್ನ ಪ್ರಕಾರ ಬೇಕಂತಲೇ ವಾಲಿದ್ದು, ಲಸೋರ್ಡಾ ಕೂಗಿದ್ದು ಸರಿ.

ನಮ್ಮ ಹುಡುಗಿಯ ವಿಷಯ ಬೇರೆ. ಬೇಸ್‌ಬಾಲಿನಲ್ಲಿ ಬೇಸಿನಿಂದ ಬೇಸಿಗೆ 90 ಅಡಿ, ಸಾಫ್ಟ್‌ಬಾಲಿನಲ್ಲಿ 60. ಅವಳು ಬೇಸಿಗೆ ನಾಲ್ಕು ಹೆಜ್ಜೆ ದೂರದಲ್ಲಿದ್ದಳು, ತಲೆ ತಗ್ಗಿಸಿ ಓಡುತ್ತಿದ್ದಳು. ನಾನು ಚೆಂಡಿನ ಮೇಲೆ ಕಣ್ಣಿಟ್ಟಿದ್ದೆ, ಅವಳ ಕಾಲು ಎತ್ತ ತಿರುಗಿತ್ತು ಅಂತ ನೋಡಿರಲಿಲ್ಲ. ಆ ತೀರ್ಪು ತಪ್ಪು ಅಂತಲೇ ಈಗ ಅನ್ನಿಸೋದು. ಅಷ್ಟರಲ್ಲಿ ಚಿಂಚೋಳಿ ಬಸ್ಸು ಹೊರಟುಹೋಗಿತ್ತು.